ಜನರಲ್ ಬಿ. ಎಂ. ಕೌಲ್: 1962ರ ಸೋಲಿನಲ್ಲಿ ನಿಜಕ್ಕೂ ಅವರ ಪಾಲೆಷ್ಟು?

ನಕಾಶೆಪ್ರಿಯ:
ಕನ್ನಡದಲ್ಲಿ 1962ರ ಚೀನಾ ಯುದ್ಧದ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಜಾಡು ಹಿಡಿಯುತ್ತೆ. ಬ್ರಿಗೇಡಿಯರ್ ಜಾನ್ ದಳವಿ ಬರೆದು ರವಿ ಬೆಳಗೆರೆ ಕನ್ನಡಕ್ಕೆ ತಂದ 'ಹಿಮಾಲಯನ್ ಬ್ಲಂಡರ್' ಓದಿದವರಿಗೆಲ್ಲ ಲೆಫ್ಟಿನೆಂಟ್ ಜನರಲ್ ಬ್ರಿಜ್ ಮೋಹನ್ ಕೌಲ್ ಅಂದ್ರೆ ಖಳನಾಯಕ, ಅಲ್ಲಿಗೆ ಮುಗೀತು. ದಳವಿ ಸೋತ ಬ್ರಿಗೇಡಿನ ಕಮಾಂಡರ್, ಏಳು ತಿಂಗಳು ಚೀನಾದ ಸೆರೆಯಲ್ಲಿದ್ದವರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಒಬ್ಬರ ಸಿಟ್ಟನ್ನೇ ಪೂರ್ತಿ ಇತಿಹಾಸ ಅಂದುಕೊಳ್ಳೋಕಾಗಲ್ಲ.

ನನ್ನ ಪ್ರಶ್ನೆ ಇಷ್ಟು. ಕೌಲ್ 4 ಕೋರ್‌ನ (ಬೆಟಾಲಿಯನ್‌ಗಳು ಸೇರಿ ಬ್ರಿಗೇಡ್, ಬ್ರಿಗೇಡ್‌ಗಳು ಸೇರಿ ಡಿವಿಷನ್, ಅದರ ಮೇಲಿನದು ಕೋರ್) ಹೊಣೆ ಹೊತ್ತಿದ್ದು ಅಕ್ಟೋಬರ್ 4ಕ್ಕೆ. ಚೀನಾ ದಾಳಿ ಮಾಡಿದ್ದು ಅಕ್ಟೋಬರ್ 20ಕ್ಕೆ. ಈ 16 ದಿನಗಳಲ್ಲಿ ಕೌಲ್ ಸ್ವತಃ ತೆಗೆದುಕೊಂಡ ನಿರ್ಧಾರ ಯಾವುದು, ದೆಹಲಿಯಿಂದ ಇಳಿದು ಬಂದದ್ದು ಯಾವುದು? ಮನುಷ್ಯನ ಸ್ವಭಾವದ ದೋಷ ಎಲ್ಲಿ ಕೆಲಸ ಮಾಡಿತು, ವ್ಯವಸ್ಥೆಯ ದೋಷ ಎಲ್ಲಿ? ತಾರೀಕು, ಜಾಗ, ತುಕಡಿ ಹೆಸರು ಹಿಡಿದು ಮಾತಾಡೋಣ. 'ನೆಹರೂದೇ ತಪ್ಪು', 'ರಕ್ಷಣಾ ಮಂತ್ರಿ ಮೆನನ್ ದೇಶದ್ರೋಹಿ' ಅನ್ನೋ ಒಂದು ಸಾಲಿನ ತೀರ್ಪು ಬೇಡ.

ಸುಮ್ನೆ ಓದುಗ:
ನೆಹರೂದೇ ತಪ್ಪು 😄

ಧಾರವಾಡ ಪೇಢಾ:
ಬಂತ ನೋಡ್ರಿ ಮೊದಲನೇದು!

ನಕಾಶೆಪ್ರಿಯ ಅವ್ರ, ಅಕ್ಟೋಬರ್ 4ರಿಂದ ಲೆಕ್ಕ ಹಿಡದ್ರ ಕೌಲ್ ಅರ್ಧ ಪಾರಾಗಿಬಿಡ್ತಾರ್ರೀ. ಅವರು 1961ರಿಂದನ ಚೀಫ್ ಆಫ್ ಜನರಲ್ ಸ್ಟಾಫ್. ಹೆಸರಿಗೆ ಸೇನಾ ಮುಖ್ಯಸ್ಥ ಥಾಪರ್, ಮಾತು ನಡೀತಿದ್ದುದು ಕೌಲ್ ಅವರದ. ಗಡಿಯೊಳಗ ಸಣ್ಣ ಸಣ್ಣ ಠಾಣೆ ಇಟ್ಟಕೊಂಡು ಮುಂದ ಹೋಗೂ ಫಾರ್ವರ್ಡ್ ಪಾಲಿಸಿ ಹುಟ್ಟಿದ್ದು 1961ರ ನವೆಂಬರ್ 2ರ ಸಭಾದಾಗ. ಆ ಸಭಾದ ನಿರ್ಣಯದಾಗ ಇನ್ನೂ ಒಂದು ಮಾತಿತ್ತು: ಮುಂದಿನ ಠಾಣೆಗಳ ಬೆನ್ನಿಗೆ ದೊಡ್ಡ ಪಡೆ, ಸಾಮಾನು ತುಂಬಿದ ನೆಲೆ ಇರಬೇಕು. ಡಿಸೆಂಬರ್‌ನಾಗ ಸೇನಾ ಕೇಂದ್ರ ಕಚೇರಿಯಿಂದ ಕಮಾಂಡ್‌ಗಳಿಗೆ ಹೋದ ಆದೇಶದಾಗ ಆ ಮಾತ ಇಲ್ಲ! ಮುಂದ ಹೋಗ್ರಿ ಅನ್ನೂದು ಉಳೀತು, ಬೆನ್ನಿಗೆ ಬಲ ಇಡ್ರಿ ಅನ್ನೂದು ಹಾರಿಹೋತು. ಈ ಆದೇಶ ಹೊಂಟಿದ್ದು ಯಾರ ಕಚೇರಿಯಿಂದ? ತವಾಂಗ್ ಕಡೆ ನಂಕಾ ಚು ನದಿ ಹತ್ರದ ಧೋಲಾ ಠಾಣೆಗೆ ಏನಾತು ಅನ್ನೂದರ ಬೇರು ಅಲ್ಲೈತಿ.

ನಕಾಶೆಪ್ರಿಯ:
ಒಪ್ಪಿದೆ, ಅದು ಮುಖ್ಯವಾದ ಅಂಶ. ಆದರೆ ಚೀನಾ ಬಲ ಪ್ರಯೋಗ ಮಾಡಲ್ಲ ಅಂತ ಹೇಳಿದ್ದು ಇಂಟೆಲಿಜೆನ್ಸ್ ಬ್ಯೂರೋದ ಮಲ್ಲಿಕ್. ಅದನ್ನು ನಂಬಿದ್ದು ನೆಹರೂ, ಮೆನನ್, ಥಾಪರ್, ಕೌಲ್ ಎಲ್ಲರೂ.

ಧಾರವಾಡ ಪೇಢಾ:
ನಂಬೂದು ಬ್ಯಾರೆ, ನಂಬಿದ್ದನ್ನ ಸೈನ್ಯದ ಯೋಜನಾ ಮಾಡೂದು ಬ್ಯಾರೆ. ವೈರಿ 'ಮಾಡಲಿಕ್ಕಿಲ್ಲ' ಅಂತ ಯೋಜನಾ ಹಾಕಬಾರದು, 'ಏನು ಮಾಡಬಲ್ಲ' ಅಂತ ನೋಡಿ ಹಾಕಬೇಕು. ಸ್ಟಾಫ್ ಕಾಲೇಜಿನ ಮೊದಲನೇ ಪಾಠ ಅದು.

ಕೊಡಗಿನ ಕರಿಮೆಣಸು:
ಇನ್ನೂ ಹಿಂದೆ ಹೋಗಬೇಕು. ಆಗಿನ ಸೇನಾ ಮುಖ್ಯಸ್ಥ ಜನರಲ್ ತಿಮ್ಮಯ್ಯನವರು 1959ರ ಆಗಸ್ಟ್ 31ಕ್ಕೆ ರಾಜೀನಾಮೆ ಕೊಟ್ಟದ್ದು ಯಾಕೆ? ಮೆನನ್ ಬಡ್ತಿಗಳಲ್ಲಿ ಕೈಹಾಕುತ್ತಿದ್ದರು, ಅದರಲ್ಲಿ ಕೌಲ್ ಬಡ್ತಿಯೂ ಒಂದು. ನೆಹರೂ ಕರೆದು ಮಾತಾಡಿ ರಾಜೀನಾಮೆ ವಾಪಸ್ ತೆಗೆಸಿದರು. ಆಮೇಲೆ ಸಂಸತ್ತಿನಲ್ಲಿ ತಿಮ್ಮಯ್ಯನವರನ್ನೇ ಹಗುರ ಮಾಡಿ ಮಾತಾಡಿದರು. 1961ರ ಮೇನಲ್ಲಿ ತಿಮ್ಮಯ್ಯ ನಿವೃತ್ತರಾಗುವಾಗ ತಮ್ಮ ನಂತರ ಥೋರಟ್ ಬರಲಿ ಅಂದಿದ್ದರು. ಬಂದದ್ದು ಥಾಪರ್, ಜೊತೆಗೆ ಕೌಲ್.

ಥೋರಟ್ ಈಸ್ಟರ್ನ್ ಕಮಾಂಡ್‌ನಲ್ಲಿದ್ದಾಗ 1960ರ ಮಾರ್ಚ್‌ನಲ್ಲಿ ಲಕ್ನೋದಲ್ಲಿ 'ಲಾಲ್ ಕಿಲಾ' ಅಂತ ಒಂದು ಸಮರಾಭ್ಯಾಸ ನಡೆಸಿದ್ದರು. ನಮ್ಮ ಗಡಿ ಅನ್ನೋ ಮ್ಯಾಕ್‌ಮಹೋನ್ ರೇಖೆಯ ಮೇಲೆ ಕೂತು ಯುದ್ಧ ಮಾಡೋಕಾಗಲ್ಲ, ನಮ್ಮ ರಸ್ತೆ ಮುಟ್ಟುವ ಬೊಮ್ಡಿಲಾದ ಆಸುಪಾಸಿನಲ್ಲಿ ನಿಲ್ಲಬೇಕು, ವೈರಿಯ ಸರಬರಾಜು ದಾರಿ ಉದ್ದ ಆಗಲಿ ಅನ್ನೋದು ಅದರ ಸಾರ. ತಿಮ್ಮಯ್ಯ ಆ ಯೋಜನೆಯನ್ನ ಮೇಲಕ್ಕೆ ಕಳಿಸಿದರು. ಮೆನನ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಮ್ನೆ ಓದುಗ:
ಕೊಡಗಿನವರು ಬಂದ್ರು, ಇನ್ನು ತಿಮ್ಮಯ್ಯ, ಕಾರಿಯಪ್ಪ ಬಿಟ್ಟು ಬೇರೆ ಮಾತಿಲ್ಲ ಬಿಡಿ.

ಕೊಡಗಿನ ಕರಿಮೆಣಸು:
ಕೌಲ್ ವಿಷಯಕ್ಕೇ ಹೇಳಿದ್ದು ಮಾರಾಯ. 1953ರಲ್ಲಿ ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರಾಗಿದ್ದಾಗ ಅವರ ಚೀಫ್ ಆಫ್ ಸ್ಟಾಫ್ ಯಾರು ಗೊತ್ತಾ? ಇದೇ ಕೌಲ್. ಕೆಲಸಗಾರ ಅಂತ ಗೊತ್ತಿತ್ತು, ಯುದ್ಧದ ಅನುಭವ ಇಲ್ಲ ಅಂತಲೂ ಗೊತ್ತಿತ್ತು.

ರೇಷನ್ ಲೆಕ್ಕ:
ಆ 'ಕೆಲಸಗಾರ' ಅನ್ನೋದನ್ನ ಬಿಡಿಸಿ ನೋಡೋಣ, ಗುಟ್ಟು ಅಲ್ಲೇ ಇರೋದು.

ಕೌಲ್ ಸ್ಯಾಂಡ್‌ಹರ್ಸ್ಟ್‌ನಲ್ಲಿ ಓದಿ 1933ರಲ್ಲಿ ಅಧಿಕಾರಿಯಾದವರು. ರಜಪುತಾನಾ ರೈಫಲ್ಸ್‌ನಿಂದ ಆರ್ಮಿ ಸರ್ವಿಸ್ ಕೋರ್‌ಗೆ, ಅಂದ್ರೆ ಸರಬರಾಜು ಮತ್ತು ಸಾಗಣೆಯ ಕಡೆಗೆ ಹೋದರು. ಯುದ್ಧಭೂಮಿಯಲ್ಲಿ ಇನ್ಫೆಂಟ್ರಿ ಬೆಟಾಲಿಯನ್ ನಡೆಸಿದವರಲ್ಲ. 4ನೇ ಡಿವಿಷನ್ ಕಮಾಂಡರ್ ಆಗಿದ್ದಾಗ ಅಂಬಾಲಾದಲ್ಲಿ 'ಆಪರೇಷನ್ ಅಮರ್' ಅಂತ ಸೈನಿಕರ ಕೈಯಲ್ಲೇ ಸುಮಾರು 1,450 ಮನೆಗಳನ್ನು ಕೆಲವೇ ತಿಂಗಳಲ್ಲಿ ಕಟ್ಟಿಸಿದರು. ನೆಹರೂ, ಮೆನನ್ ಇಬ್ಬರೂ ತಲೆದೂಗಿದರು. ಆ ಹೊತ್ತಿಗೆ ಇಡೀ ಡಿವಿಷನ್ನಿನ ಕವಾಯತು, ಅಭ್ಯಾಸ ನಿಂತುಹೋಗಿತ್ತು ಅನ್ನೋದು ಯಾರ ಕಣ್ಣಿಗೂ ಬೀಳಲಿಲ್ಲ. ಗಮನಿಸಿ: 1962ರಲ್ಲಿ ತವಾಂಗ್ ಕಡೆ ನುಚ್ಚುನೂರಾದದ್ದು ಅದೇ 4ನೇ ಡಿವಿಷನ್.

ಕೌಲ್ ಕಲಿತ ಪಾಠ ಏನು ಅಂದ್ರೆ, ಮೇಲಿನವರ ಬೆಂಬಲ ಇದ್ದು, ನಿಯಮ ಬದಿಗಿಟ್ಟು, ತಾನೇ ಮುಂದೆ ನಿಂತು ಓಡಾಡಿದರೆ ಯಾವ ಕೆಲಸವೂ ಆಗುತ್ತೆ. ಅಂಬಾಲಾದಲ್ಲಿ ಇಟ್ಟಿಗೆಗೆ ಅದು ಸರಿ. 14,000 ಅಡಿ ಎತ್ತರದಲ್ಲಿ ಅಕ್ಕಿ ಮೂಟೆಗೆ ಸರಿಹೋಗಲಿಲ್ಲ. ಸರಬರಾಜು ವಿಭಾಗದಲ್ಲೇ ಬೆಳೆದ ಮನುಷ್ಯ ಸರಬರಾಜಿನಲ್ಲೇ ಎಡವಿದ್ದು ನನಗೆ ಇವತ್ತಿಗೂ ಅರ್ಥ ಆಗಲ್ಲ.

ಕರಾವಳಿ ಕಡಲು:
ಆ ಸರಬರಾಜಿನ ಕತೆ ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ. ನಂಕಾ ಚು ಎಲ್ಲಿ, ಲುಂಪು ಎಲ್ಲಿ, ತಲೆಬುಡ ಗೊತ್ತಾಗುವುದಿಲ್ಲ.

ರೇಷನ್ ಲೆಕ್ಕ:
ಸರಿ, ಅಸ್ಸಾಮಿನ ತೇಜ್‌ಪುರದಿಂದ ಶುರು ಮಾಡೋಣ. ಬಯಲಿನಿಂದ ಬೊಮ್ಡಿಲಾ, ದಿರಾಂಗ್, ಸೆ ಲಾ ('ಲಾ' ಅಂದ್ರೆ ಬೆಟ್ಟ ದಾಟುವ ಕಣಿವೆದಾರಿ), ತವಾಂಗ್. ಸೆ ಲಾ ಹೆಚ್ಚುಕಡಿಮೆ 13,700 ಅಡಿ. ಒಂದೇ ರಸ್ತೆ, ಅದೂ ಆಗತಾನೇ ಕಡಿದದ್ದು, ಸಣ್ಣ ಗಾಡಿಗಳಿಗೆ ಮಾತ್ರ, ಮಳೆ ಬಂದರೆ ಕುಸಿತ. ತವಾಂಗ್‌ನಿಂದ ಮುಂದೆ ಗಾಡಿ ಇಲ್ಲ. ನಡೆದು ಲುಂಪು. ಲುಂಪುವಿನಿಂದ ನಂಕಾ ಚು ನದಿಗೆ ಎರಡು ದಾರಿ: ಒಂದು ಹಾಥುಂಗ್ ಲಾ ಮೇಲೆ, 13,000 ಅಡಿ ದಾಟಿ. ಇನ್ನೊಂದು ಕಾರ್ಪೊ ಲಾ ಮೇಲೆ, 16,000 ಅಡಿಯ ಹತ್ತಿರ.

ಈಗ ಲೆಕ್ಕ. ಬ್ರಿಗೇಡ್ ಅಂದ್ರೆ ಅಂದಾಜು 3,000 ಜನ ಅಂತ ಹಿಡಿಯಿರಿ. ಊಟ, ಸೀಮೆಎಣ್ಣೆ ಸೇರಿ ತಲೆಗೆ ದಿನಕ್ಕೆ 2 ಕೆಜಿ ಅಂದರೂ 6 ಟನ್. ಒಬ್ಬ ಹಮಾಲಿ ಆ ಎತ್ತರದಲ್ಲಿ 25 ಕೆಜಿ ಹೊತ್ತರೆ ಹೆಚ್ಚು. ಅಲ್ಲಿಗೆ ದಿನಾ 240 ಹೊರೆ ಮುಟ್ಟಬೇಕು. ಹೋಗಿ ಬರೋಕೆ ನಾಲ್ಕು ದಿನ ಅಂದರೆ ಸುಮಾರು 1,000 ಹಮಾಲಿಗಳು ಸದಾ ದಾರಿಯಲ್ಲಿರಬೇಕು, ಅವರ ಊಟವೂ ಅದೇ ಹೊರೆಯಿಂದ ಹೋಗುತ್ತೆ. ಇದರಲ್ಲಿ ಗುಂಡು, ಮಾರ್ಟರ್, ಡೇರೆ, ಕಂಬಳಿ, ಮುಳ್ಳುತಂತಿ ಒಂದೂ ಸೇರಿಲ್ಲ.

ಹಾಗಾಗಿ ವಿಮಾನದಿಂದ ಇಳಿಸೋದೇ ಗತಿ. ಇಳಿಸುವ ಜಾಗ ತ್ಸಾಂಗ್‌ಧರ್, ನದಿಯ ಮೇಲಿನ ಇಳಿಜಾರಿನಲ್ಲಿ ಒಂದು ಸಣ್ಣ ತಟ್ಟು. ಕೂದಲೆಳೆ ತಪ್ಪಿದರೆ ಮೂಟೆ ಕಣಿವೆಗೆ. ಬಹುಪಾಲು ಹಾಗೇ ಹೋಯಿತು. ಪ್ಯಾರಾಚೂಟುಗಳೂ ಹಳೆಯವು, ಕೆಲವು ಬಿಚ್ಚಿಕೊಳ್ಳಲೇ ಇಲ್ಲ. ಬಿದ್ದದ್ದನ್ನು ಹುಡುಕಿ ತರೋಕೆ ಮತ್ತೆ ಸೈನಿಕರೇ ಬೇಕು, ಅಂದ್ರೆ ಕಂದಕ ತೋಡಬೇಕಾದ ಕೈಗಳು ಮೂಟೆ ಹೊರುತ್ತಿದ್ದವು.

ಕರಾವಳಿ ಕಡಲು:
ಅಬ್ಬ! ಹಾಗಾದ್ರೆ ಅಲ್ಲಿಗೆ ಬ್ರಿಗೇಡ್ ಹೋದದ್ದಾದ್ರೂ ಯಾಕೆ?

ಇತಿಹಾಸದ ಹುಳ:
ಧೋಲಾ ಠಾಣೆಯನ್ನು 1962ರ ಜೂನ್‌ನಲ್ಲಿ ಇಟ್ಟದ್ದು. ಸೆಪ್ಟೆಂಬರ್ 8ಕ್ಕೆ ಚೀನೀಯರು ನದಿಯ ಆಚೆಯ ಥಾಗ್ಲಾ ಬೆಟ್ಟ ಇಳಿದು ಬಂದು ಅದನ್ನು ಮುತ್ತಿ ಕೂತರು. ಸೆಪ್ಟೆಂಬರ್ 22ಕ್ಕೆ ಅವರನ್ನು ಓಡಿಸಬೇಕು ಅಂತ ಸರ್ಕಾರದ ಲಿಖಿತ ಆದೇಶ ಬಂತು. ಬರಹದಲ್ಲೇ ಕೊಡಿ ಅಂತ ಕೇಳಿದ್ದು ಥಾಪರ್, ಸಹಿ ಹಾಕಿದ್ದು ರಕ್ಷಣಾ ಇಲಾಖೆಯ ಒಬ್ಬ ಜಂಟಿ ಕಾರ್ಯದರ್ಶಿ. ಮಂತ್ರಿ ಸಹಿ ಇಲ್ಲ.

ಆ ಭಾಗ 33 ಕೋರ್‌ನದು, ಕಮಾಂಡರ್ ಉಮ್ರಾವ್ ಸಿಂಗ್. ಅವರು ಬರಹದಲ್ಲೇ ಆಕ್ಷೇಪ ಎತ್ತಿದರು: ಇಷ್ಟು ಪಡಿತರ, ಇಷ್ಟು ಫಿರಂಗಿ, ಚಳಿಗಾಲದ ಬಟ್ಟೆ ಬಂದ ಮೇಲಷ್ಟೇ ಕಾರ್ಯಾಚರಣೆ. ಈಸ್ಟರ್ನ್ ಕಮಾಂಡಿನ ಎಲ್. ಪಿ. ಸೇನ್‌ಗೆ ಅದು ರುಚಿಸಲಿಲ್ಲ. ಪರಿಹಾರ ಏನು ಹುಡುಕಿದರು? ಉಮ್ರಾವ್ ಸಿಂಗ್ ಅವರಿಂದ ಆ ಜಾಗವನ್ನೇ ಕಿತ್ತುಕೊಂಡು 4 ಕೋರ್ ಅಂತ ಹೊಸದು ಹುಟ್ಟಿಸಿ, ಕೌಲ್‌ರನ್ನು ತಂದು ಕೂರಿಸಿದರು. 'ಕೋರ್' ಅನ್ನೋದು ಹೆಸರಿಗೆ, ಕೈಕೆಳಗೆ ಇದ್ದದ್ದು ಅದೇ ಬಡಕಲು 4ನೇ ಡಿವಿಷನ್. ಚೀನೀಯರನ್ನು ಓಡಿಸೋಕೆ ವಿಶೇಷ ಪಡೆ ಬಂತು ಅಂತ ಮಾರನೇ ದಿನ ಪತ್ರಿಕೆಗಳಲ್ಲೇ ಸುದ್ದಿ! ಬೀಜಿಂಗಿಗೆ ಗೂಢಚಾರರ ಖರ್ಚೂ ಉಳೀತು.

ಇನ್ನು ನಕಾಶೆಪ್ರಿಯ ಅವರ ಮೂಲ ಪ್ರಶ್ನೆ. ಕೌಲ್ ಅವರದೇ ಆದ ಮೊದಲ ತಪ್ಪು ಲುಂಪುವಿನಲ್ಲಿ. ಅಲ್ಲಿ 2 ರಜಪೂತ್ ಮತ್ತು 1/9 ಗೂರ್ಖಾ ರೈಫಲ್ಸ್ ಬೆಟಾಲಿಯನ್‌ಗಳು ಪಡಿತರ, ಬಟ್ಟೆಗೆ ಕಾಯುತ್ತಿದ್ದವು. ಹೆಲಿಕಾಪ್ಟರಿನಲ್ಲಿ ಬಂದಿಳಿದ ಕೌಲ್ ತಕ್ಷಣ ನದಿಗೆ ಹೊರಡಿ ಅಂದರು. ಮೈಮೇಲೆ ಬೇಸಿಗೆಯ ಹತ್ತಿಬಟ್ಟೆ, ತಲೆಗೊಂದು ಕಂಬಳಿ, ತಲೆಗೆ 50 ಗುಂಡು, ಕೈಯಲ್ಲಿ .303 ರೈಫಲ್. ಈ ಆದೇಶ ದೆಹಲಿಯದಲ್ಲ. ಡಿವಿಷನ್ ಕಮಾಂಡರ್ ನಿರಂಜನ್ ಪ್ರಸಾದ್, ಬ್ರಿಗೇಡ್ ಕಮಾಂಡರ್ ದಳವಿ ಇಬ್ಬರನ್ನೂ ದಾಟಿ ಕೋರ್ ಕಮಾಂಡರ್ ನೇರವಾಗಿ ಬೆಟಾಲಿಯನ್ ಎಬ್ಬಿಸಿದ್ದು.

ಹಲಸೂರು ಸ್ಯಾಪರ್:
ಎತ್ತರದ ವಿಷಯ ಸೇರಿಸ್ತೀನಿ. ಈಗಿನ ಸೇನೆಯಲ್ಲಿ 9,000 ಅಡಿ ದಾಟಿದರೆ ದೇಹ ಒಗ್ಗಿಸಿಕೊಳ್ಳೋಕೆ ಮೊದಲ ಹಂತ 6 ದಿನ, 12,000 ದಾಟಿದರೆ ಇನ್ನೂ 4 ದಿನ, 15,000 ದಾಟಿದರೆ ಮತ್ತೆ 4 ದಿನ. ಮೊದಲೆರಡು ದಿನ ಬರೀ ವಿಶ್ರಾಂತಿ, ಆಮೇಲೆ ಸ್ವಲ್ಪ ಸ್ವಲ್ಪ ನಡಿಗೆ, ಆಮೇಲೆ ಹೊರೆ ಹೊತ್ತು ಏರೋದು. ಈ ಕ್ರಮ ಬಿಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ, ಇಪ್ಪತ್ತು ವರ್ಷದ ಗಟ್ಟಿಮುಟ್ಟು ಹುಡುಗನೂ ಉಳಿಯಲ್ಲ. ಕೆಳಗೆ ಇಳಿಸೋದೇ ಮುಖ್ಯ ಚಿಕಿತ್ಸೆ. ಆ ಬೆಟಾಲಿಯನ್‌ಗಳಲ್ಲಿ ವೈರಿಯ ಗುಂಡು ಬೀಳೋ ಮೊದಲೇ ಚಳಿ, ಉಸಿರಾಟದ ತೊಂದರೆಯಿಂದ ಸತ್ತವರಿದ್ದರು. ಆಗ ಅದನ್ನ ನ್ಯುಮೋನಿಯಾ ಅಂತ ಬರೆದುಕೊಂಡರು.

ಕೌಲ್ ಅವರಿಗೂ ಆದದ್ದು ಇದೇ ಜಾತಿಯ ತೊಂದರೆ ಅನ್ನಿಸುತ್ತೆ. ವಯಸ್ಸು 50, ದೆಹಲಿ ಕಚೇರಿಯಿಂದ ಸೀದಾ ಬೆಟ್ಟಕ್ಕೆ. ಹಾಥುಂಗ್ ಲಾ ದಾರಿಯಲ್ಲಿ ಹಮಾಲಿಯೊಬ್ಬನ ಬೆನ್ನೇರಬೇಕಾಯಿತು. ಅದನ್ನ ಇಟ್ಟುಕೊಂಡು ಆಡಿಕೊಳ್ಳೋದು ನ್ಯಾಯ ಅಲ್ಲ.

ಧಾರವಾಡ ಪೇಢಾ:
ಆಡಿಕೊಳ್ಳೂದಿಲ್ರೀ. ಆದ್ರ ತನ್ನ ಎದಿನ ಬಡಕೊಂತ ಹೇಳಾಕತ್ತಿತ್ತು, ಈ ಎತ್ತರದಾಗ ಓಡೂದು ಆಗೂದಿಲ್ಲ ಅಂತ. ಅದನ್ನ ಕೇಳಿ ಸೈನಿಕರ ಸ್ಥಿತಿ ಅರ್ಥ ಮಾಡ್ಕೋಬೇಕಿತ್ತಲ್ಲ? ಆಮ್ಯಾಲೆ ಏನು ಆದೇಶ ಕೊಟ್ರು ನೋಡ್ರಿ: ರಜಪೂತರು ನದಿ ದಾಟಿ ಥಾಗ್ಲಾ ಬೆನ್ನಿಗಿರೋ ಯುಮ್ತ್ಸೊ ಲಾ ಹಿಡೀಬೇಕು. 16,000 ಅಡಿ! ಚಳಿಬಟ್ಟಿ ಇಲ್ಲ, ಫಿರಂಗಿ ಬೆಂಬಲ ಇಲ್ಲ, ಅಲ್ಲಿ ಅನ್ನ ಮುಟ್ಟಿಸಾಕ ದಾರಿ ಇಲ್ಲ.

ನಕಾಶೆಪ್ರಿಯ:
ಕೌಲ್ ಪರ ವಾದ ಇಲ್ಲೊಂದಿದೆ. ಅಕ್ಟೋಬರ್ 10ರ ಗಡುವು ಅವರ ತಲೆ ಮೇಲಿತ್ತು. ಕಾಲಿಡದೆ ಕೂತಿದ್ದರೆ ಇವರೂ ಉಮ್ರಾವ್ ಸಿಂಗ್ ಹಾಗೇ ಅನ್ನೋರು. ಮತ್ತೆ, ಡಿವಿಷನ್ ಕಮಾಂಡರ್‌ಗಿಂತ ಮೇಲಿನವರಲ್ಲಿ ನದಿಯ ದಡಕ್ಕೆ ತಾನೇ ಬಂದ ಏಕೈಕ ಅಧಿಕಾರಿ ಅವರು. ಥಾಪರ್ ಬರಲಿಲ್ಲ, ಸೇನ್ ಬರಲಿಲ್ಲ. ಹೇಡಿ ಅಂತ ಕರೆಯೋರು ಇದನ್ನು ಯಾಕೆ ಮರೀತಾರೆ?

ಇತಿಹಾಸದ ಹುಳ:
ಹೇಡಿ ಅಲ್ಲ, ಒಪ್ಪೋಣ. ಆದರೆ ಕಮಾಂಡರ್ ಮುಂಚೂಣಿಗೆ ಯಾಕೆ ಹೋಗಬೇಕು? ಕೆಳಗಿನವರು ಹೇಳ್ತಿರೋದು ನಿಜವಾ ಅಂತ ಕಣ್ಣಾರೆ ನೋಡಿ, ಮೇಲಿನವರಿಗೆ ಹೇಳೋಕೆ. ಕೌಲ್ ಹೋದದ್ದು ಕೆಳಗಿನವರನ್ನು ಹುರಿದುಂಬಿಸೋಕೆ. ದಳವಿ, ನಿರಂಜನ್ ಪ್ರಸಾದ್ ಹೇಳಿದ್ದನ್ನೆಲ್ಲ ಕೇಳಿಯೂ ತ್ಸೆಂಗ್ ಜೋಂಗ್‌ಗೆ 9 ಪಂಜಾಬ್‌ನ ಗಸ್ತು ಕಳಿಸಿದರು. ನದಿಯ ಆಚೆ ದಡ, ಥಾಗ್ಲಾ ಬುಡ. ಐವತ್ತು ಚಿಲ್ಲರೆ ಜನ, ಮೇಜರ್ ಚೌಧರಿ ಮುಂದಾಳು.

ಅಕ್ಟೋಬರ್ 10ರ ಬೆಳಗ್ಗೆ ನೂರಾರು ಚೀನೀ ಸೈನಿಕರು ಅವರ ಮೇಲೆ ಬಿದ್ದರು, ಜೊತೆಗೆ ಮಾರ್ಟರ್. ಮೊದಲ ದಾಳಿಯನ್ನು ಪಂಜಾಬಿಗಳು ತಡೆದೇ ತಡೆದರು. ಕೌಲ್ ಈಚೆ ದಡದಲ್ಲಿ ನಿಂತು ಕಣ್ಣಾರೆ ನೋಡಿದರು. ವೈರಿ ಸುಮ್ಮನಿರಲ್ಲ ಅಂತ ಗೊತ್ತಾಗೋಕೆ ಅಲ್ಲೀವರೆಗೂ ಬರಬೇಕಾಯಿತು. ಚೌಧರಿ ಮಾರ್ಟರ್, ಮೆಷಿನ್‌ಗನ್ ಬೆಂಬಲ ಕೇಳಿದರು. ದಳವಿ ಕೊಡಲಿಲ್ಲ.

ಕರಾವಳಿ ಕಡಲು:
ಕೊಡಲಿಲ್ಲವಾ?! ಇದಕ್ಕೆ ದಳವಿಯವರನ್ನು ಯಾರೂ ಬೈಯುವುದಿಲ್ಲ ಅಲ್ಲ?

ಇತಿಹಾಸದ ಹುಳ:
ಬೈಯೋಕೆ ಮೊದಲು ಜಾಗ ನೋಡಿ. ಆ ಹೊತ್ತಿಗೆ ಕೌಲ್ ಆದೇಶದ ಪ್ರಕಾರ ರಜಪೂತರು ಬಯಲಾಗಿ ನದಿದಂಡೆಯಲ್ಲಿ ಸೇತುವೆ ಕಡೆ ಸಾಲಾಗಿ ನಡೀತಿದ್ರು. ಮೆಷಿನ್‌ಗನ್ ಶುರುವಾದರೆ ಚೀನೀ ಮಾರ್ಟರ್ ಅವರತ್ತ ತಿರುಗುತ್ತಿತ್ತು, ಬೆಟಾಲಿಯನ್ ಅಲ್ಲೇ ಹೋಗ್ತಿತ್ತು. ಇದ್ದ ಮಾರ್ಟರ್ ಗುಂಡು ಕೆಲವೇ ನಿಮಿಷಕ್ಕೆ ಖಾಲಿ. ಆ ಲೆಕ್ಕಾಚಾರ ಸರಿ. ನದಿ ದಾಟಿ ಗಸ್ತು ಕಳಿಸುವಾಗಲೇ ಈ ಲೆಕ್ಕ ಹಾಕಬೇಕಿತ್ತು, ಹಾಕದವರು ಯಾರು?

ಆ ದಿನದ ಇನ್ನೊಂದು ಸಂಗತಿ: ನಮ್ಮ ಸತ್ತ ಸೈನಿಕರನ್ನು ಚೀನೀಯರೇ ಸೇನಾ ಗೌರವದಿಂದ ಹೂಳಿದರು, ಈಚೆ ದಡದಿಂದ ನಮ್ಮವರು ನೋಡ್ತಾ ನಿಂತಿದ್ದರು.

ಸುಮ್ನೆ ಓದುಗ:
ಸರಿ ಗುರು, 10ಕ್ಕೆ ಕಣ್ಣು ತೆರೀತು. 20ಕ್ಕೆ ದಾಳಿ. ಮಧ್ಯೆ ಹತ್ತು ದಿನ ಇತ್ತಲ್ಲ, ವಾಪಸ್ ಬರೋಕೆ ಏನು ಧಾಡಿ?

ನಕಾಶೆಪ್ರಿಯ:
ಒಳ್ಳೇ ಪ್ರಶ್ನೆ. ಕೌಲ್ ಬ್ರಿಗೇಡ್ ಬಿಟ್ಟು ದೆಹಲಿಗೆ ಹೋದರು, 11ರ ರಾತ್ರಿ ನೆಹರೂ ಮನೆಯಲ್ಲಿ ಸಭೆ. ಮೆನನ್, ಥಾಪರ್, ಸೇನ್, ಮಲ್ಲಿಕ್ ಎಲ್ಲ ಇದ್ದರು. ಅಲ್ಲಿ ಏನಾಯಿತು ಅನ್ನೋದಕ್ಕೆ ಇದ್ದವರೆಲ್ಲ ಒಂದೊಂದು ಕತೆ ಹೇಳ್ತಾರೆ. ದಾಳಿ, ಇರುವಲ್ಲೇ ಇರುವುದು, ಹಿಂದೆ ಸರಿಯುವುದು, ಮೂರನ್ನೂ ಮುಂದಿಟ್ಟೆ ಅನ್ನೋದು ಕೌಲ್ ತಮ್ಮ ಪುಸ್ತಕದಲ್ಲಿ ಬರೆದ ಮಾತು. ಫಲಿತಾಂಶ ಮಾತ್ರ ಒಂದೇ: ದಾಳಿ ಬೇಡ, ನದಿ ಬಿಡಬೇಡಿ. ಮಾರನೇ ದಿನ ಕೊಲಂಬೋಗೆ ಹೊರಟ ನೆಹರೂ ಪಾಲಂ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರಿಗೆ, ನಮ್ಮ ನೆಲ ಮುಕ್ತಗೊಳಿಸಲು ಸೇನೆಗೆ ಸೂಚನೆ ಕೊಟ್ಟಿದ್ದೇವೆ ಅಂದರು. ಬೇಡ ಅಂತ ಒಳಗೆ ತೀರ್ಮಾನ ಆದದ್ದನ್ನು ಹೊರಗೆ ಘೋಷಣೆ ಮಾಡಿದ ಹಾಗಾಯ್ತು. ಇದಂತೂ ಕೌಲ್ ತಪ್ಪಲ್ಲ.

ಧಾರವಾಡ ಪೇಢಾ:
ಅಲ್ಲೇ ನಾ ಒಪ್ಪೂದಿಲ್ಲ. ಕಣ್ಣಾರೆ ಕಂಡ ಒಬ್ಬನೇ ಒಬ್ಬ ಜನರಲ್ ಆ ಕೋಣೆಯೊಳಗ ಕೂತಿದ್ದ. 'ಈ ಬ್ರಿಗೇಡ್ ಅಲ್ಲಿದ್ರ ಸಾಯ್ತದ, ತವಾಂಗಿಗೆ ಕರಕೊಳ್ಳದಿದ್ರ ನನ್ನ ರಾಜೀನಾಮೆ ತಗೋರಿ' ಅನ್ನಬೇಕಿತ್ತು. ಉಮ್ರಾವ್ ಸಿಂಗ್ ಬರಹದಾಗ ಅಂದಿದ್ರು, ಕುರ್ಚಿ ಕಳಕೊಂಡ್ರು. ಕೌಲ್ ಮೂರು ಪರ್ಯಾಯ ಇಟ್ಟೆ ಅಂತಾರ. ಕಮಾಂಡರ್ ಅನ್ನಿಸಿಕೊಂಡಾವ ಶಿಫಾರಸು ಮಾಡಬೇಕ್ರೀ, ಪಟ್ಟಿ ಕೊಡಬಾರದು.

ಅವರ ದೊಡ್ಡ ದೋಷ ನನ್ನ ಪ್ರಕಾರ ಇದು: ನೆಹರೂ ಮನಿ ಬಾಗಿಲು ಅವರಿಗೆ ಯಾವಾಗಲೂ ತೆರದಿತ್ತು, ಆ ಬಾಗಿಲು ಮುಚ್ಚೂ ಅಂಥ ಮಾತು ಆಡಾಕ ಅವರಿಗೆ ಆಗಲಿಲ್ಲ. ಥಾಪರ್, ಸೇನ್ ಇವರನ್ನ ಹಿರಿಯರಂತ ಕೌಲ್ ಎಣಿಸಲಿಲ್ಲ, ಅವರಿಗೂ ಕೌಲ್ ಮುಂದ ಬಾಯಿಬಿಡೂ ಧೈರ್ಯ ಇರಲಿಲ್ಲ. ಕೆಳಗಿನಾವ ಮೇಲಿನವರನ್ನ ದಾಟಿ ಪ್ರಧಾನಿಗೆ ಮಾತಾಡೂ ಸೈನ್ಯದಾಗ 'ಆಗೂದಿಲ್ಲ' ಅನ್ನೂ ಮಾತು ಎಲ್ಲಿಂದ ಮೇಲೇರಬೇಕು?

ಹಲಸೂರು ಸ್ಯಾಪರ್:
ನದಿ ಬಿಡಬೇಡಿ ಅನ್ನೋದು ಯಾಕೆ ಮರಣದಂಡನೆ ಅಂತ ತಾಂತ್ರಿಕವಾಗಿ ಹೇಳ್ತೀನಿ, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ನಂಕಾ ಚು ಸಣ್ಣ ತೊರೆ. ಸೆಪ್ಟೆಂಬರ್‌ನಲ್ಲಿ ರಭಸ ಇರುತ್ತೆ, ಮರದ ದಿಮ್ಮಿ ಸೇತುವೆ ಬೇಕು. ಅಕ್ಟೋಬರ್ ನಡುವಿಗೆ ನೀರು ಇಳಿದು ಎಲ್ಲಿ ಬೇಕಾದ್ರೂ ದಾಟಬಹುದು. ಹಾಗಾದ ಮೇಲೆ ಸೇತುವೆ ಕಾಯೋದಕ್ಕೆ ಅರ್ಥವೇ ಇಲ್ಲ. ನಮ್ಮ ಠಾಣೆಗಳು ಸೇತುವೆ ಲೆಕ್ಕದಲ್ಲೇ ಮೈಲಿಗಟ್ಟಲೆ ಹರಡಿದ್ದವು, ನಡುವೆ ದಟ್ಟ ಕಾಡು. ಒಂದು ಠಾಣೆಯ ಗುಂಡು ಇನ್ನೊಂದರ ಮುಂದೆ ಬೀಳಲ್ಲ, ಅಂದ್ರೆ ಪರಸ್ಪರ ರಕ್ಷಣೆ ಇಲ್ಲ. ಎದುರಿಗೆ ಥಾಗ್ಲಾ ಬೆಟ್ಟ, ಅಲ್ಲಿಂದ ಚೀನೀಯರಿಗೆ ನಮ್ಮ ಒಂದೊಂದು ಬಂಕರೂ ಕಾಣುತ್ತೆ. ಮರ ಕಡಿಯೋಕೆ ಕೊಡಲಿ, ಗರಗಸ ಸಾಕಷ್ಟಿಲ್ಲ, ಬಂಕರಿನ ಮೇಲ್ಛಾವಣಿ ಗಟ್ಟಿಯಾಗಲಿಲ್ಲ. ನೆಲಬಾಂಬು ಇಲ್ಲ, ಮುಳ್ಳುತಂತಿ ಇಲ್ಲ. ಸಂಪರ್ಕಕ್ಕೆ ನೆಲದ ಮೇಲೆ ಎಳೆದ ಟೆಲಿಫೋನ್ ತಂತಿ, ಮೊದಲ ಶೆಲ್ ಬಿದ್ದಾಗಲೇ ಕಡಿದು ಹೋಗೋದು.

19ರ ರಾತ್ರಿ ಚೀನೀಯರು ಠಾಣೆಗಳ ನಡುವಿನ ಸಂದಿಯಲ್ಲಿ ನದಿ ದಾಟಿ, ನಮ್ಮ ಹಿಂದಿನ ಇಳಿಜಾರು ಏರಿ ಕೂತಿದ್ದರು. 20ರ ಬೆಳಗಿನ ಜಾವ ಫಿರಂಗಿ, ಮಾರ್ಟರ್ ಶುರು, ಆಮೇಲೆ ಮೇಲಿನಿಂದ ಹಿಂದಿನಿಂದ ದಾಳಿ. ನಮ್ಮವರ ಕಂದಕಗಳ ಮುಖವೆಲ್ಲ ನದಿಗೆ. ಕೆಲವೇ ಗಂಟೆಗಳಲ್ಲಿ ಬ್ರಿಗೇಡ್ ಮುಗೀತು. 2 ರಜಪೂತ್ ಒಂದರಲ್ಲೇ 280ಕ್ಕೂ ಹೆಚ್ಚು ಸಾವು. 22ಕ್ಕೆ ದಳವಿ ಸೆರೆ.

ಕರಾವಳಿ ಕಡಲು:
ಆಗ ಕೌಲ್ ಎಲ್ಲಿದ್ದರು?

ಇತಿಹಾಸದ ಹುಳ:
ದೆಹಲಿಯಲ್ಲಿ, ತಮ್ಮ ಮನೆಯ ಹಾಸಿಗೆಯಲ್ಲಿ. 17ಕ್ಕೆ ತೇಜ್‌ಪುರದಲ್ಲಿ ಎದೆಯ ತೊಂದರೆ ಜೋರಾಯಿತು, 18ಕ್ಕೆ ವಿಮಾನದಲ್ಲಿ ಹೋದರು. ಕಾಯಿಲೆ ನಿಜ. ಆದರೆ ಆಸ್ಪತ್ರೆಗೆ ಸೇರಲಿಲ್ಲ, ಅಧಿಕಾರ ಬಿಟ್ಟುಕೊಡಲೂ ಇಲ್ಲ. ಹಾಸಿಗೆಯಿಂದಲೇ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಕೋರ್‌ಗೆ ಫೋನಿನಲ್ಲಿ ಆದೇಶ! ತ್ಸಾಂಗ್ಲೆ ಅನ್ನೋ ಮೂಲೆಯ ಠಾಣೆ ಬಿಡಬಾರದು ಅಂತ ಹಟ ಬೇರೆ. ರೋಗಿಯಾದ ಕಮಾಂಡರ್ ಅದೇ ದಿನ ಕೆಳಗಿನವರಿಗೆ ಹೊಣೆ ವಹಿಸಬೇಕು. ಇದನ್ನು ಸಮರ್ಥಿಸುವ ಒಂದು ವಾದವನ್ನೂ ನಾನು ಓದಿಲ್ಲ.

ರೇಷನ್ ಲೆಕ್ಕ:
ಅವರ ಸಂದೇಶಗಳ ಬಗ್ಗೆಯೂ ಹೇಳಿ. ಪುಟಗಟ್ಟಲೆ, ಕತೆಯ ಹಾಗೆ, ಅದಕ್ಕೆ ಅತಿ ತುರ್ತಿನ ಮುದ್ರೆ. ಸಂಕೇತ ಲಿಪಿಗೆ ಇಳಿಸಿ, ಕಳಿಸಿ, ಬಿಡಿಸೋಕೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಪಡಿತರದ ಬೇಡಿಕೆ, ಗಾಯಾಳುಗಳ ಸಂದೇಶ ಸಾಲಿನಲ್ಲಿ ಕಾಯ್ತಿದ್ದವು.

ಕೊಡಗಿನ ಕರಿಮೆಣಸು:
ಮುಂಚೂಣಿಗೆ ಹೋಗೋ ಜನರಲ್ ಅಂದ್ರೆ ಹೇಗಿರಬೇಕು ಅನ್ನೋಕೆ 1948ರಲ್ಲಿ ಕಾಶ್ಮೀರದ ಜೋಜಿ ಲಾ ನೋಡಿ. ತಿಮ್ಮಯ್ಯನವರು ಮೊದಲು ಕಾಲಾಳುಗಳಿಂದ ಪ್ರಯತ್ನಿಸಿದರು, ಆಗಲಿಲ್ಲ. ಮತ್ತೆ ಅದನ್ನೇ ಮಾಡಿ ಅಂತ ಅಟ್ಟಲಿಲ್ಲ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ತಿರುಗುಗೋಪುರ ಬಿಚ್ಚಿಸಿ, ಮುಚ್ಚಿ, ಗುಟ್ಟಾಗಿ ಬಾಲ್ತಾಲ್‌ಗೆ ತರಿಸಿದರು. ನವೆಂಬರ್ 1ಕ್ಕೆ ಟ್ಯಾಂಕ್ ಜೊತೆ ತಾವೂ ಹೋದರು, ಕಣಿವೆ ತೆರೆಯಿತು.

ಹಲಸೂರು ಸ್ಯಾಪರ್:
ದಾರಿ ಮಾಡಿದ್ದು ನಮ್ಮ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್‌ಗಳು), ಅದನ್ನೂ ಬರೀರಿ ಸಾರ್! ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ನಡೆಯೋ ಜಾಡನ್ನ ಟ್ಯಾಂಕ್ ಏರುವಷ್ಟು ಅಗಲ ಮಾಡಿದವರು ಅವರು. ಬೆಂಗಳೂರಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಸುಮ್ನೆ ಓದುಗ:
ಹೇಳಿದ್ದೆ ತಾನೇ, ತಿಮ್ಮಯ್ಯ ಬಂದೇ ಬರ್ತಾರೆ ಅಂತ.

ನಕಾಶೆಪ್ರಿಯ:
😄 ಬರಲಿ ಬಿಡಿ. ವಾಪಸ್ 1962ಕ್ಕೆ ಬರೋಣ. ಅಕ್ಟೋಬರ್ 24ಕ್ಕೆ ಹರ್‌ಬಕ್ಷ್ ಸಿಂಗ್ 4 ಕೋರ್ ವಹಿಸಿಕೊಂಡರು, ಸೆ ಲಾ ಮೇಲೆ ನಿಲ್ಲೋ ತಯಾರಿ ಶುರುವಾಯಿತು. ಐದೇ ದಿನಕ್ಕೆ ಕೌಲ್ ವಾಪಸ್! ಕಮಾಂಡರ್ ಬದಲು, ಡಿವಿಷನ್ ಕಮಾಂಡರ್ ಬದಲು, ಮತ್ತೆ ಕೋರ್ ಕಮಾಂಡರ್ ಬದಲು. ಯಾವ ಸೇನೆ ತಡೆದುಕೊಳ್ಳುತ್ತೆ?

ಇತಿಹಾಸದ ಹುಳ:
ನವೆಂಬರ್ 17ರ ರಾತ್ರಿ ಅದರ ಫಲ. ಸೆ ಲಾ ಮೇಲೆ 62ನೇ ಬ್ರಿಗೇಡ್, ಹೋಷಿಯಾರ್ ಸಿಂಗ್ ಕಮಾಂಡರ್. ಜಾಗ ಗಟ್ಟಿ, ಇನ್ನೂ ಬಿದ್ದಿರಲಿಲ್ಲ. ಆದರೆ ಚೀನೀಯರು ಸುತ್ತು ಬಳಸಿ ಥೆಂಬಾಂಗ್ ಹತ್ತಿರ ಹಿಂದಿನ ರಸ್ತೆ ಕಡಿದಿದ್ದರು. ದಿರಾಂಗ್‌ನಲ್ಲಿದ್ದ ಡಿವಿಷನ್ ಕಮಾಂಡರ್ ಎ. ಎಸ್. ಪಠಾನಿಯಾ ಹಿಂದೆ ಸರಿಯೋಕೆ ಅನುಮತಿ ಕೇಳ್ತಿದ್ದರು. ಕೌಲ್ ಅತ್ತ ಗಡಿಯ ಪೂರ್ವ ತುದಿಯ ವಾಲಾಂಗ್ ಕಡೆ ಹಾರಾಡ್ತಿದ್ದರು. ತೇಜ್‌ಪುರದಲ್ಲಿ ಥಾಪರ್, ಸೇನ್ ಇಬ್ಬರೂ ಕೂತಿದ್ದರೂ ನಿರ್ಧಾರ ಕೊಡಲಿಲ್ಲ, ಕೌಲ್ ಬರಲಿ ಅಂದರು. ರಾತ್ರಿ ಕೌಲ್ ಬಂದು ಸರಿಯಿರಿ ಅಂದರು. ಮಾತುಕತೆ ಆದ ಮೇಲೆ ಆದೇಶ ತಿರುಗಿಸಿ ನಿಲ್ಲಿ ಅಂದರು. ಕಡೆಗೆ ಹೋದ ಸಂದೇಶ: ಆದಷ್ಟು ಹಿಡಿದುಕೊಳ್ಳಿ, ಆಗದಿದ್ದರೆ ನಿಮ್ಮ ವಿವೇಚನೆ. ಅಂದ್ರೆ ಏನಾದರೂ ಆದರೆ ತಪ್ಪು ನಿಮ್ಮದು. ಬೆಳಗಾಗೋದರಲ್ಲಿ ಸೆ ಲಾ ಖಾಲಿ.

ಧಾರವಾಡ ಪೇಢಾ:
ಬೊಮ್ಡಿಲಾ ಮರೀಬ್ಯಾಡ್ರಿ. 18ಕ್ಕೆ ಫೋನಿನ್ಯಾಗ ಕೌಲ್ ಅಲ್ಲಿನ ಬ್ರಿಗೇಡ್ ಕಮಾಂಡರ್ ಗುರ್‌ಬಕ್ಷ್ ಸಿಂಗ್‌ಗೆ ಹೇಳಿದ್ದು: ದಿರಾಂಗ್ ಕಡೆ ಒಂದು ತುಕಡಿ ಕಳಿಸು. ಕಳಿಸಿದ್ರ ನನ್ನ ರಕ್ಷಣಾ ಸಾಲು ಬಯಲಾಗ್ತದ ಅಂದ್ರು ಅವರು. ಕೇಳಲಿಲ್ಲ. ತುಕಡಿ ಹೊಂಟ ಸ್ವಲ್ಪ ಹೊತ್ತಿಗೆ ಆ ಖಾಲಿ ಕಂದಕದ ಮೇಲೇ ಚೀನೀ ದಾಳಿ. ಪಠಾನಿಯಾ ಅಷ್ಟೊತ್ತಿಗೆ ದಿರಾಂಗ್ ಬಿಟ್ಟು ಹೋಗಿಯಾಗಿತ್ತು!

ವಾಲಾಂಗ್ ಬಿದ್ದ ಮ್ಯಾಲೆ ವಿದೇಶೀ ಸೈನ್ಯ ಕರಸ್ರಿ ಅಂತ ಸಂದೇಶ ಕಳಿಸಿದ್ದೂ ಇದೇ ಜನರಲ್. ಅಕ್ಟೋಬರ್‌ದಾಗ ಥಾಗ್ಲಾ ಏರತೀನಿ ಅಂದಾವ, ನವೆಂಬರ್‌ದಾಗ ಬ್ಯಾರೆ ದೇಶದ ಸೈನ್ಯ ಕೇಳಿದಾವ. ಎರಡರ ನಡುವೆ ಒಂದು ಹದ ಅನ್ನೂದ ಇರಲಿಲ್ಲ ಆ ಮನುಷ್ಯಾಗ.

ಕರಾವಳಿ ಕಡಲು:
ಮಾಣೆಕ್‌ಷಾ ಮೇಲೆ ವಿಚಾರಣೆ ಹಾಕಿಸಿದ್ದೂ ಇವರೇ ಅಂತ ಕೇಳಿದ್ದೇನೆ. ನಿಜವಾ?

ಇತಿಹಾಸದ ಹುಳ:
ಕೌಲ್, ಮೆನನ್ ಕಾಲದಲ್ಲಿ ವೆಲಿಂಗ್ಟನ್ ಸ್ಟಾಫ್ ಕಾಲೇಜಿನ ಕಮಾಂಡೆಂಟ್ ಆಗಿದ್ದ ಮಾಣೆಕ್‌ಷಾ ಮೇಲೆ ವಿಚಾರಣೆ ನಡೆದದ್ದು ಖಂಡಿತ. ದೌಲತ್ ಸಿಂಗ್ ನೇತೃತ್ವದ ವಿಚಾರಣೆ ಅವರನ್ನು ದೋಷಮುಕ್ತ ಮಾಡಿತು. ಯುದ್ಧ ಮುಗಿದು ಕೌಲ್ ಹೋದಾಗ 4 ಕೋರ್‌ಗೆ ಬಂದದ್ದು ಅದೇ ಮಾಣೆಕ್‌ಷಾ.

ಸುಮ್ನೆ ಓದುಗ:
ಈ ಸೋಲಿನ ಬಗ್ಗೆ ಸೇನೆಯೇ ವಿಚಾರಣೆ ಮಾಡಿದ ಹೆಂಡರ್ಸನ್ ಬ್ರೂಕ್ಸ್ ವರದಿ ಓದಬೇಕು ಅಂದ್ರೆ ಎಲ್ಲಿ ಸಿಗುತ್ತೆ? ಈ ಸಲ ತಮಾಷೆ ಅಲ್ಲ.

ನಕಾಶೆಪ್ರಿಯ:
ಪೂರ್ತಿ ಸಿಗಲ್ಲ. 1963ರಲ್ಲಿ ಹೆಂಡರ್ಸನ್ ಬ್ರೂಕ್ಸ್ ಮತ್ತು ಪಿ. ಎಸ್. ಭಗತ್ ಕೊಟ್ಟ ವರದಿಯನ್ನು ಸರ್ಕಾರ ಬಿಡುಗಡೆ ಮಾಡಿಲ್ಲ. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ತಮ್ಮ ಬಳಿ ಇದ್ದ ಮೊದಲ ಭಾಗದ ಬಹುಪಾಲನ್ನು ಅಂತರ್ಜಾಲಕ್ಕೆ ಹಾಕಿದರು. ಓದುವಾಗ ಒಂದು ನೆನಪಿರಲಿ: ಆ ವಿಚಾರಣೆಗೆ ಸೇನಾ ಕೇಂದ್ರ ಕಚೇರಿಯ ಕಾರ್ಯವೈಖರಿ ನೋಡುವ ಅಧಿಕಾರ ಕೊಟ್ಟಿರಲಿಲ್ಲ, ಮಂತ್ರಿಗಳನ್ನು ಕೇಳುವುದು ದೂರದ ಮಾತು. ಹಾಗಾಗಿ ದೋಷವೆಲ್ಲ ಕೆಳಕ್ಕೆ ಇಳಿದ ಹಾಗೆ ಕಾಣುತ್ತೆ.

ರೇಷನ್ ಲೆಕ್ಕ:
ಮೊದಲು ಸೆಪ್ಟೆಂಬರ್ 8ರಿಂದ ಅಕ್ಟೋಬರ್ 20ರವರೆಗಿನ ನೆಫಾ (ಈಗಿನ ಅರುಣಾಚಲ) ಅಧ್ಯಾಯ ಓದಿ, ಪಕ್ಕದಲ್ಲಿ ಒಂದು ನಕಾಶೆ ಇಟ್ಟುಕೊಂಡು. ಲುಂಪು, ಹಾಥುಂಗ್ ಲಾ, ತ್ಸಾಂಗ್‌ಧರ್, ತ್ಸಾಂಗ್ಲೆ ಗುರುತು ಹಾಕಿಕೊಳ್ಳದೆ ಓದಿದ್ರೆ ಏನೂ ತಿಳಿಯಲ್ಲ.

ಸುಮ್ನೆ ಓದುಗ:
ತ್ಸಾಂಗ್‌ಧರ್, ತ್ಸಾಂಗ್ಲೆ ಎರಡೂ ಬೇರೆ ಬೇರೆನಾ?!

ಹಲಸೂರು ಸ್ಯಾಪರ್:
ಬೇರೆ ಬೇರೆ. ತ್ಸಾಂಗ್‌ಧರ್ ಮೂಟೆ ಇಳಿಸೋ ಜಾಗ, ನದಿಯ ದಕ್ಷಿಣಕ್ಕೆ ಮೇಲೆ. ತ್ಸಾಂಗ್ಲೆ ಪಶ್ಚಿಮದ ತುದಿ, ಭೂತಾನ್ ಗಡಿ ಕಡೆ. ನಕಾಶೆ ಹಾಕ್ತೀನಿ, ಸಂಜೆ ತನಕ ತಾಳಿ.